ಹೊಳೆ ಬರುವ ಮೊದಲೇ ಊರಿನ ನಕ್ಷೆ ಮಾಡಿಟ್ಟುಕೊಳ್ಳಿ



2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದ ನೀರು ಮಲಪ್ರಭೆಗೆ ಇಳಿದಾಗ ನಮ್ಮ ಮನೆಯ ಕಟ್ಟೆ ಒಣಗಿಯೇ ಇತ್ತು. "ಇನ್ನೂ ಟೈಮ್ ಐತಿ ತಗೋ" ಅಂತ ಕೂತೆವು. ಅಷ್ಟರಲ್ಲಿ ಊರ ಹೊರಗಿನ ಹಳ್ಳದ ಸೇತುವೆ ಮುಳುಗಿ ದಾರಿ ಬಂದ್ ಆಯ್ತು. ನಾವು ಹೇಗೋ ಪಾರಾದೆವು, ಎರಡು ಎಮ್ಮೆ ಹೋದವು. ಮನೆಗೆ ನೀರು ಯಾವಾಗ ಬರುತ್ತದೆ ಅನ್ನುವುದಕ್ಕಿಂತ, ಹೊರಹೋಗುವ ದಾರಿ ಯಾವಾಗ ಮುಚ್ಚುತ್ತದೆ ಅನ್ನುವುದು ಮುಖ್ಯ ಎಂದು ಅವತ್ತು ಗೊತ್ತಾಯ್ತು.

ಮುಂದಿನ ಬೇಸಿಗೆಯಲ್ಲಿ ನಾಲ್ಕೈದು ಜನ ಸೇರಿ ಊರಿನ ನಕ್ಷೆ ಮಾಡಿದೆವು. ನೀವೂ ಹೀಗೆ ಮಾಡಬಹುದು.

1. ಹಿರಿಯರನ್ನು ಕರೆದುಕೊಂಡು ಅಡ್ಡಾಡಿ. ಗುಡಿಯ ಗೋಡೆ, ಬೇವಿನ ಮರ, ಕರೆಂಟ್ ಕಂಬ – ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಬಣ್ಣದ ಗೆರೆ ಎಳೆಯಿರಿ.

2. ಮೊಬೈಲ್‌ನ ಗೂಗಲ್ ಅರ್ಥ್‌ನಲ್ಲಿ ಆ ಜಾಗಗಳನ್ನು ಗುರುತು ಮಾಡಿ. ಹೊಲದ ಸರ್ವೆ ನಂಬರ್ ತಿಳಿಯಲು ದಿಶಾಂಕ್ ಆ್ಯಪ್ ಸಾಕು. ಆದರೆ ಮೊಬೈಲ್ ತೋರಿಸುವ ಎತ್ತರದಲ್ಲಿ ಹೆಚ್ಚುಕಡಿಮೆ ಇರುತ್ತದೆ. ಅದಕ್ಕಿಂತ ಗೋಡೆಯ ಗೆರೆಯನ್ನೇ ನಂಬಿ.

3. ಮೂರೇ ಬಣ್ಣ ಸಾಕು. ಮೊದಲು ಮುಳುಗುವ ಜಾಗಕ್ಕೆ ಕೆಂಪು, ಆಮೇಲೆ ಮುಳುಗುವುದಕ್ಕೆ ಹಳದಿ, ದನ ಕಟ್ಟಬಹುದಾದ ದಿಬ್ಬಕ್ಕೆ ಹಸಿರು. ದಾರಿಯ ತಗ್ಗು, ಸೇತುವೆಗಳನ್ನು ಮರೆಯಬೇಡಿ.

4. ಜಲಾಶಯದಿಂದ ಎಷ್ಟು ಕ್ಯೂಸೆಕ್ ಬಿಟ್ಟಾಗ, ಎಷ್ಟು ತಾಸಿಗೆ, ಯಾವ ಸೇತುವೆ ಮುಳುಗಿತು ಎಂದು ಪ್ರತಿ ವರ್ಷ ಬರೆದಿಡಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ನಮ್ಮ ಕಡೆ ಬೆಣ್ಣೆಹಳ್ಳವೂ ತುಂಬಿ ಬಂದರೆ ಈ ಲೆಕ್ಕ ತಪ್ಪುತ್ತದೆ. ಆಗ ಇನ್ನೂ ಬೇಗ ಹೊರಡಬೇಕು.

5. ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ ಪಂಚಾಯಿತಿ, ಶಾಲೆ, ಹಾಲಿನ ಡೇರಿಯಲ್ಲಿ ಅಂಟಿಸಿ. ಹೊಳೆ ಬಂದಾಗ ಕರೆಂಟೂ ಇರೋದಿಲ್ಲ, ನೆಟ್‌ವರ್ಕೂ ಇರೋದಿಲ್ಲ.

ನಮ್ಮೂರಲ್ಲಿ ಈಗ ಒಂದು ಕಟ್ಟುಪಾಡು ಇದೆ. ಸೇತುವೆಯ ಕಂಬಕ್ಕೆ ಬಳಿದ ಹಳದಿ ಗೆರೆಗೆ ನೀರು ಮುಟ್ಟಿದರೆ ಯಾರನ್ನೂ ಕೇಳದೆ ದನ ಬಿಚ್ಚುವುದು. ಒಮ್ಮೆ ಬಿಚ್ಚಿದೆವು, ನೀರು ಏರದೆ ಇಳಿಯಿತು. ಕೆಲವರು ನಕ್ಕರು. ನಗಲಿ ಬಿಡಿ, ಒಂದು ದಿನದ ದಣಿವು ಮಲಗಿದರೆ ಹೋಗುತ್ತದೆ, ಹೋದ ಎಮ್ಮೆ ತಿರುಗಿ ಬರೋದಿಲ್ಲ.

ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಇದಕ್ಕೆಂದೇ ತೆಗೆದಿಡಿ.