ಕಾಳುಮೆಣಸಿನ ಬಳ್ಳಿಯಲ್ಲಿ ಅಡಗಿರುವ ನಂಜುರೋಗ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಗಳ ತೋಟಗಾರರು ಅಡಕೆಮರಕ್ಕೆ ಕಾಳುಮೆಣಸನ್ನು ಹಬ್ಬಿಸಿ ಬೆಳೆಯುವರು. ಮಳೆಗಾಲದಲ್ಲಿ ಸೊಂಪಾಗಿದ್ದ ಬಳ್ಳಿಯೇ ಬಿಸಿಲು ಏರಿದಾಗ ಎಲೆಗಳಲ್ಲಿ ಹಸುರು ಹಳದಿ ಬೆರೆತ ಮಚ್ಚೆಗಳನ್ನು ತೋರುವುದುಂಟು. ಎಲೆ ಕಿರಿದಾಗಿ ಸುರುಟುವುದು. ಗೆಣ್ಣುಗಳು ಒತ್ತಾಗಿ ಬಳ್ಳಿ ಕುಳ್ಳಾಗುವುದು. ತೆನೆಯಲ್ಲಿ ಕಾಳು ವಿರಳವಾಗುವುದು. ಸಾರಜನಕದ ಕೊರತೆಯಾದರೆ ಹಳೆಯ ಎಲೆಗಳು ಮೊದಲು ಒಂದೇ ಸಮನೆ ಬಿಳಿಚಿಕೊಳ್ಳುವುವು. ಮಚ್ಚೆಯೂ ಸುರುಟೂ ಕೂಡಿದ್ದರೆ ನಂಜುರೋಗವೆಂದು ಶಂಕಿಸತಕ್ಕದ್ದು.

ಈ ರೋಗಕ್ಕೆ ಎರಡು ಬಗೆಯ ವೈರಸ್‌ಗಳು ಕಾರಣ. ಒಂದು ಸೌತೆಯ ಮೊಸಾಯಿಕ್ ವೈರಸ್. ಇನ್ನೊಂದು, 1997ರಲ್ಲಿ ವಿಜ್ಞಾನಿಗಳು ವಿವರಿಸಿದ ಮೆಣಸಿನ ಹಳದಿ ಮಚ್ಚೆಯ ವೈರಸ್. ಬಳ್ಳಿಗೆ ನೀರು, ಆಹಾರಗಳು ಸಾಕಷ್ಟಿರುವಾಗ ನಂಜು ಒಳಗಿದ್ದರೂ ಲಕ್ಷಣ ಕಾಣದಿರಬಹುದು. ಶಾಖ, ನೀರಿನ ಅಭಾವ ಮುಂತಾದ ಕಷ್ಟಗಳು ಒದಗಿದಾಗ ಅದು ಹೊರಗೆ ತೋರುವುದು. ಬಾಳೆಯಲ್ಲಿಯೂ ಇಂತಹುದೇ ಸಂಗತಿಯುಂಟು. ಕೆಲವು ಬಾಳೆಗಳ ವರ್ಣತಂತುಗಳಲ್ಲಿಯೇ ಗೆರೆರೋಗದ ವೈರಸ್ಸಿನ ಅಂಶ ಹುದುಗಿರುವುದೆಂದು 1999ರಲ್ಲಿ ಪ್ರಕಟವಾಯಿತು. ಅಂಗಾಂಶ ಕೃಷಿ, ಉಷ್ಣದ ಏರಿಳಿತಗಳಿಂದ ಅದು ಎಚ್ಚರಗೊಳ್ಳುವುದು.

ಆದುದರಿಂದ ಮಳೆ ಬಂದು ಬಳ್ಳಿ ಪುನಃ ಹಸುರಾದರೆ ರೋಗ ವಾಸಿಯಾಯಿತೆಂದು ಭಾವಿಸಕೂಡದು. ಅಂತಹ ಬಳ್ಳಿಯ ಹಂಬುಗಳನ್ನು ಕತ್ತರಿಸಿ ನೆಟ್ಟರೆ ಗಿಡದೊಡನೆ ನಂಜೂ ಹೊಸ ತೋಟವನ್ನು ಸೇರುವುದು. ಅನೇಕ ವರ್ಷಗಳ ದುಡಿಮೆಗೆ ಇದರಿಂದ ಹಾನಿ.

ತೋಟಗಾರರು ಅನುಸರಿಸತಕ್ಕ ಕ್ರಮಗಳು:

1. ತಾಯಿಬಳ್ಳಿಯನ್ನು ಫಸಲು ನೋಡಿ ಆರಿಸುವುದು ವಾಡಿಕೆ; ಅಷ್ಟು ಸಾಲದು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿಯೂ ಎಲೆ ಶುದ್ಧವಾಗಿದ್ದ ಬಳ್ಳಿಗೆ ಗುರುತು ಹಾಕಿ, ಮುಂದಿನ ಫೆಬ್ರವರಿ, ಮಾರ್ಚಿಯಲ್ಲಿ ಅದರಿಂದ ಮಾತ್ರ ಹಂಬು ತೆಗೆಯತಕ್ಕದ್ದು.

2. ಒಮ್ಮೆ ಲಕ್ಷಣ ತೋರಿದ ಬಳ್ಳಿಯನ್ನು ಗುಣಪಡಿಸುವ ಔಷಧವಿಲ್ಲ. ಅದನ್ನು ಬುಡಸಹಿತ ಕಿತ್ತು ನಾಶಮಾಡುವುದು ಯೋಗ್ಯ.

3. ಹಳದಿ ಮಚ್ಚೆಯ ವೈರಸ್ಸನ್ನು ಹಿಟ್ಟು ತಿಗಣೆಯು ಬಳ್ಳಿಯಿಂದ ಬಳ್ಳಿಗೆ ಒಯ್ಯುವುದು. ಸಸಿಮಡಿಯಲ್ಲಿ ಅದು ಕಂಡೊಡನೆ ಹತೋಟಿ ಮಾಡತಕ್ಕದ್ದು.

4. ಬೇಸಗೆಯಲ್ಲಿ ನೀರು, ತರಗೆಲೆಯ ಹೊದಿಕೆ, ತಕ್ಕಷ್ಟು ಗೊಬ್ಬರ ಒದಗಿಸುವುದರಿಂದ ಬಳ್ಳಿಗೆ ಬಲ ಬರುವುದು. ಆದರೆ ಈ ಆರೈಕೆಯಿಂದ ನಂಜು ಅಡಗುವುದೇ ಹೊರತು ಅಳಿಯುವುದಿಲ್ಲ.

5. ಕಣ್ಣಿಗೆ ಕಾಣದ ನಂಜನ್ನು ನಿಶ್ಚಯಿಸಲು ಪ್ರಯೋಗಶಾಲೆಯ ಪರೀಕ್ಷೆಯೇ ಬೇಕು. ಕೋಳಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯು ಇದಕ್ಕೆ ತಕ್ಕ ವಿಧಾನಗಳನ್ನು ರೂಪಿಸಿದೆ. ಹೆಚ್ಚು ಸಸಿ ಬೆಳೆಸಿ ಮಾರುವವರು ತಾಯಿಬಳ್ಳಿಗಳನ್ನು ಪರೀಕ್ಷೆ ಮಾಡಿಸಿಕೊಳ್ಳುವುದು ಅತ್ಯವಶ್ಯಕ.

ಬಳ್ಳಿಯ ನಿಜಸ್ಥಿತಿ ಮಳೆಗಾಲದ ಹಸುರಿಗಿಂತ ಬೇಸಗೆಯ ಬಿಸಿಲಿನಲ್ಲಿ ಹೆಚ್ಚು ತಿಳಿಯುವುದು. ಹಂಬು ಕತ್ತರಿಸುವ ಮೊದಲು ಕಳೆದ ಬೇಸಗೆಯ ಗುರುತನ್ನು ನೋಡತಕ್ಕದ್ದು.