ಫ್ಲ್ಯಾಶ್ ಕೈಕೊಟ್ಟರೆ ಮೊದಲು ಏನು ನೋಡಬೇಕು?

ರಂಜಾನ್ ಮುಗಿದು ಶವ್ವಾಲ್ ತಿಂಗಳು ಬಂದರೆ ನಮ್ಮಲ್ಲಿ ಮದುವೆಗಳು ಸಾಲಾಗಿ ಬರುತ್ತವೆ. ನಮ್ಮ ಕಾಲೇಜಿನ ಕೆಲವರು ರಜೆಯಲ್ಲಿ ಫೋಟೋಗ್ರಾಫರ್ ಜೊತೆ ಸಹಾಯಕರಾಗಿ ಹೋಗುತ್ತಾರೆ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಕ್ಯಾಮೆರಾ ಹಿಡಿಯುವವರೂ ವಿದ್ಯಾರ್ಥಿಗಳೇ. ನಿಕಾಹ್‌ನಲ್ಲಿ ವರ ಸಹಿ ಹಾಕುವುದು ಒಂದೇ ಸಲ. ಆ ಹೊತ್ತಿಗೆ ಫ್ಲ್ಯಾಶ್ ಬೆಳಗದಿದ್ದರೆ ಆ ಫೋಟೋ ಮತ್ತೆ ಸಿಗುವುದಿಲ್ಲ, ಸಹಾಯಕನ ಆ ದಿನದ ಕೂಲಿಗೂ ಪೆಟ್ಟು ಬೀಳಬಹುದು. ಗಾಬರಿಯಲ್ಲಿ ಎಲ್ಲ ಬಟನ್ ಒತ್ತಿ, ಕೊನೆಗೆ ರಿಪೇರಿಗೆ ಕೊಡುವವರು ಬಹಳ. ಎಷ್ಟೋ ಸಲ ಫ್ಲ್ಯಾಶ್ ಕೆಟ್ಟಿರುವುದೇ ಇಲ್ಲ.

ವಾಣಿಜ್ಯ ವಿಭಾಗದವರಿಗೆ ಈ ರೀತಿಯ ಹುಡುಕಾಟ ಗೊತ್ತು. ಟ್ರಯಲ್ ಬ್ಯಾಲೆನ್ಸ್ ಹೊಂದದಿದ್ದರೆ ನಾವು ಲೆಡ್ಜರ್ ಎಸೆಯುವುದಿಲ್ಲ. ಮೊದಲು ಕೂಡಿದ್ದು ಸರಿಯೇ ಎಂದು ನೋಡುತ್ತೇವೆ, ನಂತರ ಬಾಕಿ ತೆಗೆದದ್ದು, ನಂತರ ಪೋಸ್ಟಿಂಗ್. ಫ್ಲ್ಯಾಶ್‌ಗೂ ಇದೇ ಕ್ರಮ. ಎರಡು ನಿಯಮ ನೆನಪಿಡಿ: ಖರ್ಚಿಲ್ಲದ ಪರೀಕ್ಷೆ ಮೊದಲು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಸೆಲ್, ಸೆಟ್ಟಿಂಗ್, ಟ್ರಿಗರ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

1. ತೊಂದರೆ ಫ್ಲ್ಯಾಶಿನದೋ, ಕ್ಯಾಮೆರಾದ್ದೋ?

ಫ್ಲ್ಯಾಶನ್ನು ಕ್ಯಾಮೆರಾದಿಂದ ತೆಗೆಯಿರಿ. ಆನ್ ಮಾಡಿ, ಹಿಂಭಾಗದ ಸಿದ್ಧ ದೀಪ ಹತ್ತುವವರೆಗೆ ಕಾಯಿರಿ. ನಂತರ ಟೆಸ್ಟ್ ಬಟನ್ ಒತ್ತಿ. ಬೆಳಕು ಬಂದರೆ ಫ್ಲ್ಯಾಶ್ ಬಹುತೇಕ ಸರಿಯಾಗಿದೆ ಎಂದು ತಿಳಿದು ಜೋಡಣೆ ಮತ್ತು ಕ್ಯಾಮೆರಾ ಕಡೆ ಹುಡುಕಿ. ಬೆಳಕು ಬಾರದಿದ್ದರೆ ಸೆಲ್ ಕಡೆ ಹೋಗಿ. ಈ ಒಂದೇ ಪರೀಕ್ಷೆ ಅರ್ಧ ಕೆಲಸ ಮುಗಿಸುತ್ತದೆ.

2. ಸೆಲ್

ಹೆಚ್ಚಿನ ಫ್ಲ್ಯಾಶ್‌ಗಳಿಗೆ ಡಬಲ್ ಎ ಅಳತೆಯ ನಾಲ್ಕು ಸೆಲ್ ಬೇಕು. ರಿಮೋಟಿಗೆ, ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಇಲ್ಲಿ ಸಾಲದು, ಏಕೆಂದರೆ ಫ್ಲ್ಯಾಶ್ ಒಮ್ಮೆಗೇ ಹೆಚ್ಚು ಕರೆಂಟ್ ಎಳೆಯುತ್ತದೆ. ರೀಚಾರ್ಜ್ ಮಾಡುವ ನಿಕಲ್ ಸೆಲ್‌ನಲ್ಲಿ 1.2 ವೋಲ್ಟ್ ಎಂದು, ಆಲ್ಕಲೈನ್ ಸೆಲ್‌ನಲ್ಲಿ 1.5 ವೋಲ್ಟ್ ಎಂದು ಬರೆದಿರುತ್ತದೆ. ಸಂಖ್ಯೆ ಕಡಿಮೆಯಾದರೂ ನಿಕಲ್ ಸೆಲ್ ಕರೆಂಟನ್ನು ಬೇಗ ಕೊಡುತ್ತದೆ, ಆದ್ದರಿಂದ ಫ್ಲ್ಯಾಶ್ ಬೇಗ ತಯಾರಾಗುತ್ತದೆ. ಹಳೆಯ ಸೆಲ್ ಜೊತೆ ಹೊಸದನ್ನು ಬೆರೆಸಬೇಡಿ. ನಾಲ್ಕರಲ್ಲಿ ಒಂದು ಸೋತರೂ ಉಳಿದ ಮೂರು ಕೆಲಸ ಮಾಡುವುದಿಲ್ಲ. ಬದಲಾಯಿಸುವುದಾದರೆ ನಾಲ್ಕನ್ನೂ ಬದಲಾಯಿಸಿ.

ಸೆಲ್ ಇಡುವ ಜಾಗದಲ್ಲಿ ಬಿಳಿ ಪುಡಿ ಕಂಡರೆ ಸೆಲ್ ಸೋರಿದೆ ಎಂದರ್ಥ. ಹತ್ತಿಯ ಕಡ್ಡಿಗೆ ಸ್ವಲ್ಪ ವಿನೆಗರ್ ಅಥವಾ ನಿಂಬೆರಸ ಮುಟ್ಟಿಸಿ ಒರೆಸಿ, ಪೂರ್ತಿ ಒಣಗಿಸಿ. ಆ ಪುಡಿ ಕೈಗೆ, ಕಣ್ಣಿಗೆ ತಾಗಬಾರದು.

ಸತತವಾಗಿ ಪೂರ್ಣ ಶಕ್ತಿಯಲ್ಲಿ ಹೊಡೆದರೆ ಫ್ಲ್ಯಾಶ್ ಬಿಸಿಯಾಗಿ ತಾನೇ ನಿಧಾನವಾಗುತ್ತದೆ ಅಥವಾ ನಿಲ್ಲುತ್ತದೆ. ಅದು ಕೆಟ್ಟಿದ್ದಲ್ಲ, ರಕ್ಷಣೆ. ಕೆಲವು ನಿಮಿಷ ಬಿಡಿ.

3. ಜೋಡಣೆ

ಕ್ಯಾಮೆರಾದ ಮೇಲೆ ಫ್ಲ್ಯಾಶ್ ಕೂರುವ ಲೋಹದ ಜಾಗಕ್ಕೆ ಹಾಟ್ ಶೂ ಎನ್ನುತ್ತಾರೆ. ಸಾಮಾನ್ಯವಾಗಿ ಅದರ ನಡುವಿನ ಬಿಂದು 'ಈಗ ಬೆಳಗು' ಎಂಬ ಸಂದೇಶ ಕೊಡುತ್ತದೆ. ಉಳಿದ ಚಿಕ್ಕ ಬಿಂದುಗಳು ಎಷ್ಟು ಬೆಳಕು ಬೇಕು ಎಂಬಂಥ ಮಾತುಗಳಿಗೆ, ಅವುಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಆದ್ದರಿಂದ ನಿಕಾನ್‌ಗೆ ಮಾಡಿದ ಫ್ಲ್ಯಾಶ್ ಕ್ಯಾನನ್ ಮೇಲೆ ಮ್ಯಾನುಯಲ್‌ನಲ್ಲಿ ಬೆಳಗಬಹುದು, ಟಿಟಿಎಲ್ ಎಂಬ ಸ್ವಯಂಚಾಲಿತ ಅಳತೆ ನಡೆಯುವುದಿಲ್ಲ.

ಕ್ಯಾನನ್ 1500ಡಿ, 3000ಡಿ, 200ಡಿ ಮಾರ್ಕ್ 2 ಮಾದರಿಗಳ ಶೂನಲ್ಲಿ ಆ ನಡುವಿನ ಬಿಂದುವನ್ನೇ ಕಂಪನಿ ತೆಗೆದಿದೆ. ಒಂದೇ ಬಿಂದುವಿನ ಅಗ್ಗದ ಮ್ಯಾನುಯಲ್ ಫ್ಲ್ಯಾಶ್ ಮತ್ತು ಟ್ರಿಗರ್ ಇವುಗಳ ಮೇಲೆ ಬೆಳಗುವುದಿಲ್ಲ. ಹಣ ಕೊಡುವ ಮೊದಲು ನಿಮ್ಮದೇ ಕ್ಯಾಮೆರಾಗೆ ಹಾಕಿ ನೋಡಿ.

ಜೋಡಣೆ ಸರಿಯಿದ್ದೂ ಬೆಳಗದಿದ್ದರೆ ಫ್ಲ್ಯಾಶನ್ನು ಕೊನೆಯವರೆಗೆ ತಳ್ಳಿ ಲಾಕ್ ಮಾಡಿ. ಬಿಂದುಗಳ ಮೇಲೆ ಧೂಳು, ಬೆವರು ಇದ್ದರೆ ಒಣ ಬಟ್ಟೆಯಿಂದ ಒರೆಸಿ.

4. ಸೆಟ್ಟಿಂಗ್

ಮೆನುವಿನಲ್ಲಿ ಫ್ಲ್ಯಾಶ್ ಆಫ್ ಆಗಿದೆಯೇ? ಸದ್ದಿಲ್ಲದ ಶಟರ್ ಆನ್ ಇದೆಯೇ? ಹಲವು ಕ್ಯಾಮೆರಾಗಳಲ್ಲಿ ಅದು ಆನ್ ಇದ್ದರೆ ಫ್ಲ್ಯಾಶ್ ಬೆಳಗುವುದಿಲ್ಲ. ಫ್ಲ್ಯಾಶ್ ಮೇಲೆ ಎಸ್1 ಅಥವಾ ಎಸ್2 ಎಂದು ತೋರಿಸುತ್ತಿದ್ದರೆ ಅದು ಬೇರೊಂದು ಫ್ಲ್ಯಾಶ್‌ನ ಬೆಳಕಿಗಾಗಿ ಕಾಯುತ್ತಿದೆ. ಎಂ ಅಥವಾ ಟಿಟಿಎಲ್‌ಗೆ ತನ್ನಿ. ರೇಡಿಯೊ ಟ್ರಿಗರ್ ಇದ್ದರೆ ಎರಡೂ ಕಡೆ ಚಾನೆಲ್ ಮತ್ತು ಗ್ರೂಪ್ ಒಂದೇ ಇರಬೇಕು. ಸ್ವಲ್ಪ ಹೊತ್ತು ಬಳಸದಿದ್ದರೆ ಫ್ಲ್ಯಾಶ್ ನಿದ್ರೆಗೆ ಹೋಗುತ್ತದೆ. ಮುಖ್ಯ ಕ್ಷಣಕ್ಕೆ ಮುಂಚೆ ಶಟರ್ ಬಟನ್ ಅರ್ಧ ಒತ್ತಿ ಎಬ್ಬಿಸಿ.

5. ಬೆಳಗುತ್ತದೆ, ಆದರೆ ಫೋಟೋ ಸರಿಯಿಲ್ಲ

ಫೋಟೋದ ಒಂದು ಬದಿಗೆ ಕಪ್ಪು ಪಟ್ಟಿ ಬಂದರೆ ಶಟರ್ ವೇಗ ಹೆಚ್ಚಾಗಿದೆ. ಹಲವು ಕ್ಯಾಮೆರಾಗಳಲ್ಲಿ ಫ್ಲ್ಯಾಶ್‌ನ ಮಿತಿ ಸೆಕೆಂಡಿನ 1/200 ಭಾಗ. ಅದಕ್ಕಿಂತ ವೇಗವಾದರೆ ಶಟರಿನ ಎರಡು ಪರದೆಗಳು ಒಟ್ಟಿಗೆ ಪೂರ್ತಿ ತೆರೆದಿರುವುದೇ ಇಲ್ಲ. 1/160ಕ್ಕೆ ಇಳಿಸಿ ನೋಡಿ.

ಹಿಂದಿನ ಸಾಲಿನವರು ಕತ್ತಲಾದರೆ ಅದು ದೂರದ ಲೆಕ್ಕ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದಾಗುತ್ತದೆ. ಫ್ಲ್ಯಾಶ್‌ನ ಗೈಡ್ ನಂಬರನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಎಷ್ಟು ಮೀಟರ್ ತಲುಪುತ್ತದೆ ಎಂದು ಸಿಗುತ್ತದೆ. ಗೈಡ್ ನಂಬರ್ 40, ಎಫ್ 8 ಆದರೆ ಐಎಸ್‌ಒ 100ರಲ್ಲಿ 5 ಮೀಟರ್. ಐಎಸ್‌ಒ 400 ಮಾಡಿದರೆ 10 ಮೀಟರ್.

ಟಿಟಿಎಲ್ ಅಳತೆ ಎಲ್ಲವನ್ನೂ ಮಧ್ಯಮ ಬೂದು ಎಂದು ಭಾವಿಸುತ್ತದೆ. ಚೌಕಟ್ಟಿನ ತುಂಬ ಕಪ್ಪು ಬುರ್ಖಾ ಇದ್ದರೆ ಬೆಳಕು ಹೆಚ್ಚು ಕೊಟ್ಟು ಮುಖವನ್ನು ಬಿಳಿಚಿಸುತ್ತದೆ. ತುಂಬ ಬಿಳಿ ಕುರ್ತಾ ಇದ್ದರೆ ಬೆಳಕು ಕಡಿಮೆ ಕೊಟ್ಟು ಬಟ್ಟೆ ಮಾಸಿದಂತೆ ಕಾಣಿಸುತ್ತದೆ. ಫ್ಲ್ಯಾಶ್ ಕಾಂಪೆನ್ಸೇಶನ್ ಅನ್ನು ಕಪ್ಪಿಗೆ -1, ಬಿಳಿಗೆ +1 ಇಟ್ಟು ಶುರು ಮಾಡಿ.

ಬೆಳಕನ್ನು ಮೇಲಕ್ಕೆ ತಿರುಗಿಸಿ ಬಳಸುವವರು ಮೇಲೆ ಏನಿದೆ ಎಂದು ನೋಡಬೇಕು. ಬಿಳಿ ಛಾವಣಿ ಒಳ್ಳೆಯದು. ಹಸಿರು ಶಾಮಿಯಾನದ ಕೆಳಗೆ ಮುಖಗಳೂ ಹಸಿರಾಗುತ್ತವೆ.

6. ಮಾಡಬಾರದ ಎರಡು ಕೆಲಸ

ಮೊದಲನೆಯದು, ಫ್ಲ್ಯಾಶನ್ನು ಬಿಚ್ಚುವುದು. ಒಳಗಿನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ. ಸೆಲ್ ತೆಗೆದ ಮೇಲೂ ಅದು ಬಹಳ ಹೊತ್ತು ಉಳಿಯಬಹುದು, ಜೀವಕ್ಕೆ ಅಪಾಯ. ಸ್ಕ್ರೂಡ್ರೈವರ್ ಹಿಡಿಯಬೇಡಿ, ಸಣ್ಣವರ ಕೈಗೂ ಕೊಡಬೇಡಿ.

ಎರಡನೆಯದು, ಮನೆಯಲ್ಲಿ ಮಾಮೂ ಅಥವಾ ಚಾಚಾ ಇಟ್ಟಿರುವ ರೀಲ್ ಕ್ಯಾಮೆರಾ ಕಾಲದ ಫ್ಲ್ಯಾಶನ್ನು ಪರೀಕ್ಷಿಸದೆ ಡಿಜಿಟಲ್ ಕ್ಯಾಮೆರಾಗೆ ಹಾಕುವುದು. ಕೆಲವು ಹಳೆಯ ಫ್ಲ್ಯಾಶ್‌ಗಳ ಟ್ರಿಗರ್ ವೋಲ್ಟೇಜ್ 200ಕ್ಕಿಂತ ಹೆಚ್ಚಿದ್ದು, ಕ್ಯಾಮೆರಾದ ಸರ್ಕ್ಯೂಟ್ ಸುಡಬಹುದು.

ಇಷ್ಟೆಲ್ಲ ನೋಡಿದ ಮೇಲೂ ಟೆಸ್ಟ್ ಬಟನ್‌ಗೆ ಬೆಳಕು ಬಾರದಿದ್ದರೆ ಆಗ ರಿಪೇರಿಗೆ ಕೊಡಿ. ಏನೇನು ಪರೀಕ್ಷಿಸಿದಿರಿ ಎಂದು ಚೀಟಿಯಲ್ಲಿ ಬರೆದುಕೊಡಿ, ರಿಪೇರಿಯವರಿಗೂ ಕೆಲಸ ಸುಲಭ. ಕೆಲಸಕ್ಕೆ ಹೋಗುವ ಹಿಂದಿನ ರಾತ್ರಿ ಚಾರ್ಜ್ ಆದ ಎಂಟು ಸೆಲ್, ಒಣ ಬಟ್ಟೆ ಬ್ಯಾಗಿಗೆ ಹಾಕಿ, ಹತ್ತು ಸಲ ಫ್ಲ್ಯಾಶ್ ಹೊಡೆದು ನೋಡಿ. ಕೆಲಸ ಮುಗಿದು ಫ್ಲ್ಯಾಶ್ ಎತ್ತಿಡುವಾಗ ಸೆಲ್ ಹೊರಗೆ ತೆಗೆದಿಡಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ