ಶ್ರವಣದಿಂದ ಅರಿವಿನೆಡೆಗೆ

ಶ್ರವಣ, ಮನನ, ನಿದಿಧ್ಯಾಸನಗಳೆಂದು ಜ್ಞಾನಮಾರ್ಗದ ಮೂರು ಮೆಟ್ಟಿಲುಗಳನ್ನು ಹಿರಿಯರು ಹೇಳಿದ್ದಾರೆ. ಹುಟ್ಟುಗಿವುಡಾದ ಶಿಶುವಿಗೆ ಮೊದಲ ಮೆಟ್ಟಿಲೇ ದುರ್ಲಭವಾಗಿದ್ದಿತು. ಇಂದು ವೈದ್ಯಶಾಸ್ತ್ರವು ಅದನ್ನು ಕಟ್ಟಿಕೊಡುತ್ತಿದೆ. ಎರಡನೆಯದನ್ನು ಕಟ್ಟುವವರಾರು ಎಂಬುದೇ ಇಲ್ಲಿಯ ವಿಚಾರ.

ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನವು ಸಾಮಾನ್ಯ ಶ್ರವಣಯಂತ್ರದಂತೆ ಧ್ವನಿಯನ್ನು ಹೆಚ್ಚಿಸುವಷ್ಟಕ್ಕೆ ನಿಲ್ಲುವುದಿಲ್ಲ. ಹೊರಗೆ ಧರಿಸುವ ಭಾಗವು ಧ್ವನಿಯನ್ನು ಸಂಕೇತವಾಗಿಸುತ್ತದೆ. ಶಸ್ತ್ರಕ್ರಿಯೆಯಿಂದ ಒಳಗಿವಿಯ ಶಂಖದಲ್ಲಿರಿಸಿದ ವಿದ್ಯುದಗ್ರಗಳು ಶ್ರವಣನರವನ್ನು ನೇರವಾಗಿ ಪ್ರಚೋದಿಸುತ್ತವೆ. ಕೇಂದ್ರ ಸರಕಾರದ ಎಡಿಪ್ ಯೋಜನೆಯಲ್ಲಿ 2014ರ ಪರಿಷ್ಕರಣದಂತೆ ಬಡ ಕುಟುಂಬಗಳ ಎಳೆಯ ಮಕ್ಕಳಿಗೂ ಇದು ದೊರೆಯುವಂತಾಯಿತು. ಆದರೆ ಕೇಳಿಸುವುದು ಬೇರೆ, ಅನ್ಯರ ಮನಸ್ಸನ್ನು ಅರಿಯುವುದು ಬೇರೆ.

ಒಂದು ಮನೆಯ ಪ್ರಸಂಗವನ್ನು ಊಹಿಸಬಹುದು. ಅಕ್ಕ ಶೇಂಗಾ ಉಂಡಿಯನ್ನು ಡಬ್ಬಿಯಲ್ಲಿಟ್ಟು ಶಾಲೆಗೆ ಹೋಗುತ್ತಾಳೆ. ಅವಳಿಲ್ಲದಾಗ ಅವ್ವ ಅದನ್ನು ಗಡಿಗೆಯಲ್ಲಿಡುತ್ತಾಳೆ. ಮರಳಿದ ಅಕ್ಕ ಮೊದಲು ಎಲ್ಲಿ ಹುಡುಕುವಳು? ಮೂರು ವರ್ಷದ ಮಗು ಸಾಮಾನ್ಯವಾಗಿ ತಾನು ಕಂಡ ಗಡಿಗೆಯನ್ನೇ ತೋರಿಸುತ್ತದೆ. ನಾಲ್ಕೈದು ವರ್ಷಕ್ಕೆ ‘ಡಬ್ಬಿಯಲ್ಲಿ’ ಎನ್ನುತ್ತದೆ. ಇಂಥ ಪರೀಕ್ಷೆಯನ್ನು ವಿಮ್ಮರ್ ಮತ್ತು ಪರ್ನರ್ ಎಂಬ ವಿದ್ವಾಂಸರು 1983ರಲ್ಲಿ ಪ್ರಕಟಿಸಿದರು. ಕೇಳುವ ತಂದೆತಾಯಿಗಳ ಕಿವುಡು ಮಕ್ಕಳಲ್ಲಿ ಈ ತಿಳಿವಳಿಕೆ ಬಹಳ ತಡವಾಗುವುದನ್ನು ಪೀಟರ್ಸನ್ ಮತ್ತು ಸೀಗಲ್ 1995ರಲ್ಲಿ ಆಸ್ಟ್ರೇಲಿಯದಲ್ಲಿ ಕಂಡರು. ಸಂಜ್ಞಾಭಾಷೆಯಾಡುವ ಕಿವುಡ ತಂದೆತಾಯಿಗಳ ಕಿವುಡು ಮಕ್ಕಳಲ್ಲಾದರೋ ಆ ವಿಳಂಬವಿಲ್ಲವೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಕೊರತೆಯ ಮೂಲವು ಬುದ್ಧಿಯಲ್ಲಿರದೆ, ಮನೆಯಲ್ಲಿ ನಡೆಯದೆ ಹೋದ ಸಂಭಾಷಣೆಯಲ್ಲಿದೆ ಎಂದಾಯಿತು. ಇಂಪ್ಲಾಂಟ್ ಪಡೆದ ಎಳೆಯರೂ ಅನ್ಯರ ಬಯಕೆ, ನಂಬಿಕೆಗಳನ್ನು ಊಹಿಸುವಲ್ಲಿ ಹಿಂದುಳಿಯುವರೆಂದು 2012ರ ನೆದರ್ಲ್ಯಾಂಡ್ಸಿನ ಅಧ್ಯಯನವೊಂದು ತಿಳಿಸಿತು.

ಇಲ್ಲಿ ಕನ್ನಡ ವ್ಯಾಕರಣವು ನೆರವಿಗೆ ಬರುತ್ತದೆ. ‘ಉಂಡಿ ಡಬ್ಬಿಯಲ್ಲಿದೆ’ ಎಂಬುದು ಅಸತ್ಯ. ‘ಉಂಡಿ ಡಬ್ಬಿಯಲ್ಲಿದೆ ಎಂದು ಅಕ್ಕ ತಿಳಿದಿದ್ದಾಳೆ’ ಎಂಬುದು ಸತ್ಯ. ಅಸತ್ಯವನ್ನು ಒಡಲಲ್ಲಿರಿಸಿಕೊಂಡು ಸತ್ಯವಾಕ್ಯವನ್ನು ಕಟ್ಟುವ ಶಕ್ತಿ ‘ಎಂದು’ ಎಂಬ ಪುಟ್ಟ ಪದಕ್ಕಿದೆ. ಆಡುನುಡಿಯಲ್ಲಿ ಅದೇ ‘ಅಂತ’. ‘ಬಾ, ಕೂಡು, ಉಣ್ಣು’ ಎಂಬಷ್ಟನ್ನೇ ಕೇಳಿ ಬೆಳೆದ ಮಗುವಿಗೆ ಈ ವಾಕ್ಯದ ಪರಿಚಯವಾಗದು. ಅಂಥ ಮಗು ತಮಾಷೆಯನ್ನು ಅವಮಾನವೆಂದು ಬಗೆದು ಮುನಿಯುತ್ತದೆ, ಆಟದಿಂದ ಹೊರಗುಳಿಯುತ್ತದೆ. ಕಂಡವರು ಅದನ್ನು ಹಟಮಾರಿಯೆನ್ನುತ್ತಾರೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಶಿಕ್ಷಕರಿಗೆ ಇದರಿಂದ ಒದಗುವ ಪಾಠ ಸ್ಪಷ್ಟವಾಗಿದೆ. 1824ರ ಅಕ್ಟೋಬರ್ 23ರ ಕಿತ್ತೂರಿನ ಕದನವನ್ನು ಹೇಳುವಾಗ ಥ್ಯಾಕರೆ ಮಡಿದನೆಂದಷ್ಟೇ ಹೇಳಿ ಮುಗಿಸಬಾರದು. ಕೋಟೆಯ ಬಾಗಿಲ ಮುಂದೆ ನಿಂತವನು ಏನೆಂದು ಭಾವಿಸಿದ್ದನು, ಒಳಗಿದ್ದ ಚೆನ್ನಮ್ಮರಾಣಿ ಏನೆಂದು ನಿಶ್ಚಯಿಸಿದ್ದಳು ಎಂದು ಕೇಳಬೇಕು. ಬೈಲಹೊಂಗಲದ ಸಮಾಧಿಯ ಬಳಿ ನಿಂತಾಗ, ಸೆರೆಯಲ್ಲಿದ್ದ ಆಕೆಗೆ ಏನೆನಿಸಿರಬಹುದು ಎಂದು ಕೇಳಬೇಕು. ಗದ್ದಲದಲ್ಲಿ ಈ ಸಾಧನದಿಂದ ಮಾತು ತಿಳಿಯುವುದು ಕಷ್ಟ. ಸವದತ್ತಿಯ ಎಲ್ಲಮ್ಮನ ಜಾತ್ರೆಯಲ್ಲಿ ಕಂಡುದನ್ನು ಮನೆಯ ನಿಶ್ಶಬ್ದದಲ್ಲಿ ಮತ್ತೆ ಮಾತಾಡಬೇಕು. ಕೈಸನ್ನೆ, ಸಂಜ್ಞಾಭಾಷೆಗಳನ್ನು ಹಳಿಯಬಾರದು. ಮನಸ್ಸಿಗೆ ಮನಸ್ಸನ್ನು ಕೂಡಿಸುವುದೆಲ್ಲವೂ ನುಡಿಯೇ.

ದಾನಿಗಳೂ ಒಂದು ಮಾತನ್ನು ನೆನೆಯಬೇಕು. ಶಸ್ತ್ರಕ್ರಿಯೆಯೊಂದಿಗೆ ವೆಚ್ಚ ತೀರುವುದಿಲ್ಲ. ಬ್ಯಾಟರಿ, ತಂತಿ, ದುರಸ್ತಿ, ಮಾತಿನ ತರಬೇತಿಗೆ ಹೋಗಿಬರುವ ಬಸ್ಸಿನ ದುಡ್ಡು, ತಾಯಿ ಬಿಟ್ಟ ಕೂಲಿ ಇವೆಲ್ಲ ವರ್ಷಗಟ್ಟಲೆ ಬರುವವು. ಯಂತ್ರವು ಮೂಕವಾದ ದಿನ ಮಗುವಿನ ಲೋಕವೂ ಮೂಕವಾಗುತ್ತದೆ. ಅನ್ನದಾಸೋಹ, ಅಕ್ಷರದಾಸೋಹಗಳಿಗೆ ಹೆಸರಾದ ಮಠಗಳ ನಾಡಿನಲ್ಲಿ ಇಂಥ ಮಗುವಿನೊಡನೆ ಬಿಡುವು ಮಾಡಿಕೊಂಡು ಮಾತಾಡುವುದೂ ದಾಸೋಹವೇ ಸರಿ. ಅದಕ್ಕೆ ಹಣ ಬೇಡ, ತಾಳ್ಮೆ ಸಾಕು.